ರಾತ್ರಿ ಕರೆಂಟು ಕೊಡುವವರು ಈ ನೊಣದ ಕಥೆ ಕೇಳಲಿ

ರಾತ್ರಿ ಪಾಳಿಯ ವಾರ ಬಂತೆಂದರೆ ನಮ್ಮ ಮನೆಯಲ್ಲಿ ಹನ್ನೆರಡೂವರೆಗೆ ಅಪ್ಪನ ಮೊಬೈಲ್ ಅಲಾರಾಂ ಹೊಡೆದುಕೊಳ್ಳುತ್ತದೆ. ಅಪ್ಪ ಎದ್ದು ಟಾರ್ಚು ಹುಡುಕುತ್ತಾನೆ. ಅವ್ವ ಎದ್ದು ಚಾ ಕಾಯಿಸುತ್ತಾಳೆ. ಹತ್ತನೇ ಕ್ಲಾಸಿನ ತಂಗಿ ಹೊದಿಕೆ ಎಳೆದುಕೊಂಡು ಮಗ್ಗುಲು ಬದಲಿಸುತ್ತಾಳೆ. ಅಪ್ಪ ತೋಟಕ್ಕೆ ಹೋಗಿ ಮೋಟ್ರು ಹಾಕಿ, ಒಂದು ಸಾಲಿನಿಂದ ಇನ್ನೊಂದು ಸಾಲಿಗೆ ನೀರು ತಿರುಗಿಸಿ ಮನೆಗೆ ಬರುವಾಗ ಕೋಳಿ ಕೂಗಿರುತ್ತದೆ. ಮುಂದಿನ ವಾರ ಹಗಲು ಪಾಳಿ. ಅದರ ಮುಂದಿನ ವಾರ ಮತ್ತೆ ಅಲಾರಾಂ.

ನಮ್ಮದು ಶಿರಾಳಕೊಪ್ಪದಿಂದ ಸೊರಬದ ಕಡೆ ಹೋಗುವ ರಸ್ತೆ ಬದಿಯ ಊರು. ಕಾಲೇಜು ಮುಗಿಸಿ ಊರಿಗೆ ಬಂದ ಮೇಲೆ ನಾನೂ ಎಷ್ಟೋ ರಾತ್ರಿ ಅಪ್ಪನ ಜೊತೆ ಹೋಗಿದ್ದೇನೆ. ಕಳೆದ ಬೇಸಿಗೆಯಲ್ಲಿ ಒಂದು ದಿನ ನಾನು ಹೋಗಿರಲಿಲ್ಲ. ಅಪ್ಪ ಬದುವಿನ ಮೇಲೆ ಕೂತವನು ಹಾಗೇ ತೂಕಡಿಸಿದ್ದಾನೆ. ಎಚ್ಚರಾಗಿ ಟಾರ್ಚು ಹಾಕಿದರೆ ಎರಡು ಮಾರು ದೂರದಲ್ಲಿ ಕೊಳಕುಮಂಡಲ ಕಾಲುವೆ ದಾಟುತ್ತಿತ್ತಂತೆ. ಬೆಳಗ್ಗೆ ತಿಂಡಿ ತಿನ್ನುವಾಗ ನಗುತ್ತಾ ಹೇಳಿದ. ಅವ್ವ ನಗಲಿಲ್ಲ.

"ನಿದ್ದೆ ತಡೆಯಾಕ್ ಆಗಲ್ವಾ ಅಪ್ಪಾ?" ಅಂತ ಕೇಳಿದೆ.

"ಹತ್ತು ಗಂಟೆಗೆ ಬಂದ್ರೆ ತಡೀಬಹುದು ಮಗಾ. ಮೂರು ಗಂಟೆಗೆ ಬರೋ ನಿದ್ದೆನ ದೇವರೂ ತಡೆಯಲ್ಲ," ಅಂದ.

ಈ ಮಾತು ಬರೀ ಗಾದೆಯಂಥ ಮಾತಲ್ಲ, ಅದರ ಹಿಂದೆ ವಿಜ್ಞಾನವೂ ಇದೆ. ಆ ವಿಜ್ಞಾನ ಶುರುವಾಗಿದ್ದು ಒಂದು ಚಿಕ್ಕ ನೊಣದಿಂದ. ಅದರಲ್ಲಿ ಒಂದಿಷ್ಟು ಕೆಲಸ ನಡೆದಿದ್ದು ನಮ್ಮ ಬೆಂಗಳೂರಿನಲ್ಲೇ.

ಅನಾನಸ್ ಸಿಪ್ಪೆಯ ಮೇಲಿನ ನೊಣ

ಸೊರಬ, ಆನವಟ್ಟಿ ಕಡೆಯವರಿಗೆ ಅನಾನಸ್ ಹೊಸದೇನಲ್ಲ. ಸಿಪ್ಪೆ ಕೆತ್ತಿ ಹಿತ್ತಲಲ್ಲಿ ಹಾಕಿ, ಮಾರನೇ ದಿನ ಹೋಗಿ ನೋಡಿ. ಸಾಸಿವೆ ಕಾಳಿಗಿಂತ ಸ್ವಲ್ಪ ದೊಡ್ಡದಾದ, ಕೆಂಪು ಕಣ್ಣಿನ ಪುಟ್ಟ ನೊಣಗಳು ಮುತ್ತಿಕೊಂಡಿರುತ್ತವೆ. ಕಳಿತ ಬಾಳೆಹಣ್ಣು, ಹಲಸಿನ ರಚ್ಚೆಯ ಮೇಲೂ ಇವೇ. ಹೀರೆ, ಹಾಗಲ, ಮಾವಿನಕಾಯಿಗೆ ಚುಚ್ಚಿ ಹುಳ ಬೀಳಿಸುವ ನೊಣ ಬೇರೆ. ಇದು ಯಾರಿಗೂ ಅಂಥ ಕಾಟ ಕೊಡದ ಡ್ರೋಸೋಫಿಲಾ. ಆ ಹೆಸರಿನ ಅರ್ಥ "ಇಬ್ಬನಿಯನ್ನು ಪ್ರೀತಿಸುವುದು" ಎಂದು.

ಹೆಸರಿಗೆ ತಕ್ಕ ಹಾಗೆ ಈ ನೊಣ ಗೂಡಿನಿಂದ ಹೊರಗೆ ಬರುವುದು ಹೆಚ್ಚಾಗಿ ನಸುಕಿನಲ್ಲಿ. ಗಾಳಿಯಲ್ಲಿ ಇನ್ನೂ ತಂಪು ಇರುವ ಹೊತ್ತು ಅದು. ಹಸಿ ರೆಕ್ಕೆ ಬಿಚ್ಚಿಕೊಳ್ಳಲು ಅದೇ ಒಳ್ಳೆಯ ಸಮಯ. ನೊಣಗಳನ್ನು ಪೂರ್ತಿ ಕತ್ತಲೆಯಲ್ಲಿಟ್ಟರೂ ದಿನಗಟ್ಟಲೆ ಇದೇ ಲೆಕ್ಕದಲ್ಲಿ ಹೊರಗೆ ಬರುತ್ತವೆ. ಅಂದರೆ ಸೂರ್ಯನನ್ನು ನೋಡಿಯೇ ಅವು ಏಳುತ್ತಿಲ್ಲ. ಹೊತ್ತು ಎಷ್ಟಾಯಿತು ಎನ್ನುವುದು ಅವುಗಳ ಒಳಗೇ ಗೊತ್ತಾಗುತ್ತದೆ.

1971ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಸೀಮೋರ್ ಬೆಂಜರ್ ಮತ್ತು ಅವರ ವಿದ್ಯಾರ್ಥಿ ರೊನಾಲ್ಡ್ ಕೊನೊಪ್ಕಾ ಹೊತ್ತು ತಪ್ಪಿದ ಮೂರು ಬಗೆಯ ನೊಣಗಳನ್ನು ಹುಡುಕಿದರು. ಒಂದು ಬಗೆಗೆ ದಿನ ಅಂದರೆ 19 ತಾಸು. ಇನ್ನೊಂದಕ್ಕೆ 28 ತಾಸು. ಮೂರನೆಯದಕ್ಕೆ ಹೊತ್ತು ಗೊತ್ತು ಎರಡೂ ಇಲ್ಲ. ಮೂರರಲ್ಲೂ ಕೆಟ್ಟಿದ್ದು ಒಂದೇ ಜೀನ್. ಅದಕ್ಕೆ "ಪೀರಿಯಡ್" ಎಂದು ಹೆಸರಿಟ್ಟರು. ಜೀನ್ ಅಂದರೆ ನಮ್ಮ ಜೀವಕೋಶದೊಳಗಿನ ಅಡುಗೆ ಪುಸ್ತಕದ ಒಂದು ಪುಟ ಅಂದುಕೊಳ್ಳಿ. ಯಾವ ಪ್ರೋಟೀನು ಹೇಗೆ ಮಾಡಬೇಕು ಎಂದು ಅದರಲ್ಲಿ ಬರೆದಿರುತ್ತದೆ. ಇಡೀ ಪುಸ್ತಕ ಎಲ್ಲಾ ಕೋಶದಲ್ಲೂ ಇರುತ್ತದೆ. ಯಾವ ಪುಟ ಯಾವಾಗ ತೆರೆಯಬೇಕು, ಯಾವಾಗ ಮುಚ್ಚಬೇಕು ಎನ್ನುವುದರ ಮೇಲೆ ಎಲ್ಲಾ ನಿಂತಿದೆ.

ಟ್ಯಾಂಕು ತುಂಬಿದರೆ ಮೋಟ್ರು ತಾನೇ ಆಫ್

ಆ ಗಡಿಯಾರ ಹೇಗೆ ನಡೆಯುತ್ತದೆ ಎಂದು ಜೆಫ್ರಿ ಹಾಲ್, ಮೈಕೆಲ್ ರಾಸ್‌ಬಾಶ್, ಮೈಕೆಲ್ ಯಂಗ್ ಎಂಬ ಮೂವರು ವರ್ಷಗಟ್ಟಲೆ ಹುಡುಕಿದರು. 1984ರಲ್ಲಿ ಪೀರಿಯಡ್ ಜೀನ್ ಕೈಗೆ ಸಿಕ್ಕಿತು. 1994ರಲ್ಲಿ "ಟೈಮ್‌ಲೆಸ್" ಎಂಬ ಎರಡನೇ ಜೀನ್ ಗೊತ್ತಾಯಿತು. ಈ ಕೆಲಸಕ್ಕೆ 2017ರಲ್ಲಿ ಅವರಿಗೆ ನೊಬೆಲ್ ಬಂತು.

ಅವರು ಕಂಡುಕೊಂಡಿದ್ದು ನಮಗೆ ಗೊತ್ತಿರುವ ವಿಷಯವೇ. ಮನೆ ಮೇಲಿನ ಟ್ಯಾಂಕಿಗೆ ಫ್ಲೋಟ್ ಸ್ವಿಚ್ ಹಾಕಿಸಿದವರು ನೆನಪು ಮಾಡಿಕೊಳ್ಳಿ. ಟ್ಯಾಂಕು ತುಂಬಿದರೆ ಮೋಟ್ರು ತಾನೇ ಆಫ್ ಆಗುತ್ತದೆ. ನೀರು ಖರ್ಚಾಗಿ ಕೆಳಗಿಳಿದರೆ ತಾನೇ ಆನ್ ಆಗುತ್ತದೆ. ನೊಣದ ಕೋಶದಲ್ಲೂ ಹಾಗೇ. ಕ್ಲಾಕ್, ಸೈಕಲ್ ಎಂಬ ಎರಡು ಪ್ರೋಟೀನುಗಳು ಸೇರಿ ಪೀರಿಯಡ್ ಮತ್ತು ಟೈಮ್‌ಲೆಸ್ ಜೀನುಗಳನ್ನು ಆನ್ ಮಾಡುತ್ತವೆ. ಆ ಜೀನುಗಳಿಂದ ಆಗುವ ಪ್ರೋಟೀನು ಸಂಜೆಯಿಂದ ರಾತ್ರಿವರೆಗೆ ನಿಧಾನ ತುಂಬುತ್ತಾ ಹೋಗುತ್ತದೆ. ಸಾಕಷ್ಟು ತುಂಬಿದ ಮೇಲೆ ಕೋಶದ ನಡುವಿನ ಕೇಂದ್ರಕ್ಕೆ ಹೋಗಿ ತನ್ನದೇ ಜೀನನ್ನು ಆಫ್ ಮಾಡಿಬಿಡುತ್ತದೆ. ಬೆಳಗಾಗುವಾಗ ಆ ಪ್ರೋಟೀನು ಕರಗುತ್ತದೆ. ತಡೆ ಹೋಗಿ ಜೀನ್ ಮತ್ತೆ ಆನ್. ಈ ಒಂದು ಸುತ್ತಿಗೆ ಹಿಡಿಯುವ ಹೊತ್ತು ಸುಮಾರು 24 ತಾಸು.

ಬೆಳಕಿಗೂ ಇದರಲ್ಲಿ ಪಾಲಿದೆ. ನೊಣದ ಕೋಶದಲ್ಲಿ ಬೆಳಕು ಗುರುತಿಸುವ ಇನ್ನೊಂದು ಪ್ರೋಟೀನು ಇದೆ. ಬೆಳಕು ಬಿದ್ದರೆ ಅದು ಟೈಮ್‌ಲೆಸ್ ಅನ್ನು ಕರಗಿಸುತ್ತದೆ, ಟ್ಯಾಂಕಿನ ಕೆಳಗಿನ ನಲ್ಲಿ ತಿರುಗಿಸಿದ ಹಾಗೆ. ದಿನಾ ಬೆಳಗ್ಗೆ ಹೀಗೆ ಆಗುವುದರಿಂದ ಒಳಗಿನ ಗಡಿಯಾರ ಹೊರಗಿನ ಸೂರ್ಯನ ಜೊತೆ ಹೊಂದಿಕೊಂಡೇ ಇರುತ್ತದೆ.

ಈಗ ಮುಖ್ಯ ಮಾತಿಗೆ ಬರುತ್ತೇನೆ. ಈ ಗಡಿಯಾರ ತನ್ನದೊಂದೇ ಜೀನನ್ನು ಆನ್, ಆಫ್ ಮಾಡಿ ಸುಮ್ಮನೆ ಕೂರುವುದಿಲ್ಲ. ನೊಣದಲ್ಲಿ ನೂರಾರು ಜೀನುಗಳು ಇದರ ತಾಳಕ್ಕೆ ಕುಣಿಯುತ್ತವೆ. ತಿಂದದ್ದನ್ನು ಅರಗಿಸುವ ಜೀನಿಗೆ ಒಂದು ಹೊತ್ತು, ವಾಸನೆ ಹಿಡಿಯುವುದಕ್ಕೆ ಒಂದು ಹೊತ್ತು, ವಿಷ ತೆಗೆಯುವುದಕ್ಕೆ ಒಂದು ಹೊತ್ತು. 1997ರಲ್ಲಿ ವಿಜ್ಞಾನಿಗಳು ಮಿಂಚುಹುಳದ ಬೆಳಕಿನ ಜೀನನ್ನು ತಂದು ನೊಣದ ಪೀರಿಯಡ್ ಜೀನಿಗೆ ಜೋಡಿಸಿದರು. ಮಳೆಗಾಲದ ಮುಂಚೆ ನಮ್ಮ ಮರಗಳಲ್ಲಿ ಮಿಣುಕುತ್ತದಲ್ಲ, ಅದೇ ಬೆಳಕು. ನೊಣದ ತಲೆ, ಕಾಲು, ರೆಕ್ಕೆ, ಹೊಟ್ಟೆ ಎಲ್ಲವೂ ಹೊತ್ತಿಗೆ ತಕ್ಕಂತೆ ಬೆಳಗಿ ಮಂಕಾಗುತ್ತಿದ್ದವು. ದೇಹದಿಂದ ಬೇರೆ ಮಾಡಿಟ್ಟ ಭಾಗವೂ ಹಾಗೇ ಮಾಡುತ್ತಿತ್ತು. ಗಡಿಯಾರ ತಲೆಯಲ್ಲಿ ಒಂದೇ ಇಲ್ಲ, ಮೈಯೆಲ್ಲಾ ಇದೆ ಎಂದು ಕಣ್ಣಾರೆ ಕಂಡಂತಾಯಿತು.

ಜಕ್ಕೂರಿನ 600 ತಲೆಮಾರು

ಇಷ್ಟು ದೂರದ ಕಥೆ. ಇನ್ನು ಹತ್ತಿರದ್ದು. ಬೆಂಗಳೂರಿನ ಜಕ್ಕೂರಿನಲ್ಲಿ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರ ಇದೆ. ಅಲ್ಲಿ ಎಂ.ಕೆ. ಚಂದ್ರಶೇಖರನ್, ವಿಜಯ್ ಕುಮಾರ್ ಶರ್ಮಾ, ಶೀಬಾ ವಾಸು ಮುಂತಾದವರು ಇದೇ ನೊಣದ ಗಡಿಯಾರದ ಮೇಲೆ ವರ್ಷಗಟ್ಟಲೆ ಕೆಲಸ ಮಾಡಿದ್ದಾರೆ. ಮೈಸೂರು ವಿಶ್ವವಿದ್ಯಾಲಯದ ಮಾನಸಗಂಗೋತ್ರಿಯಲ್ಲೂ ಈ ನೊಣಗಳನ್ನು ಸಾಕಿ ಬೇರೆಯವರಿಗೆ ಒದಗಿಸುವ ಕೇಂದ್ರವಿದೆ.

ಜಕ್ಕೂರಿನವರ ಒಂದು ಪ್ರಯೋಗ ನನ್ನ ತಲೆಯಲ್ಲಿ ಕೂತುಬಿಟ್ಟಿದೆ. ಅವರ ಹತ್ತಿರ ಯಾವಾಗಲೂ ದೀಪ ಉರಿಯುವ ಕೋಣೆಯಲ್ಲೇ ಬೆಳೆದ ನೊಣಗಳಿದ್ದವು. ರಾತ್ರಿಯೇ ಇಲ್ಲ. ಬಿಸಿ ತಂಪೂ ಒಂದೇ ಸಮ. ಹೀಗೆ 600 ತಲೆಮಾರು. ನಮ್ಮ ಲೆಕ್ಕದಲ್ಲಿ ತಲೆಮಾರಿಗೆ 25 ವರ್ಷ ಹಿಡಿದರೆ 15,000 ವರ್ಷ ರಾತ್ರಿ ಕಾಣದ ವಂಶ ಅದು. ಅಷ್ಟಾದ ಮೇಲೆ ಆ ನೊಣಗಳಿಗೆ ಗಡಿಯಾರ ಮರೆತುಹೋಗಿದೆಯಾ ಎಂದು ಪರೀಕ್ಷೆ ಮಾಡಿದರು. ಮರೆತಿರಲಿಲ್ಲ. ಹೊರಬರುವ ತಾಳ ಹಾಗೇ ಉಳಿದಿತ್ತು. 1999ರಲ್ಲಿ ಇದು ಪ್ರಕಟವಾಯಿತು.

"ಅಭ್ಯಾಸ ಆದರೆ ಎಲ್ಲಾ ಸರಿಹೋಗುತ್ತದೆ" ಎಂದು ರಾತ್ರಿ ಪಾಳಿಯ ಬಗ್ಗೆ ಹೇಳುವವರಿಗೆ ನಾನು ಹೇಳುವುದು ಇಷ್ಟೇ. ಆರುನೂರು ತಲೆಮಾರಿಗೆ ನೊಣ ಮರೆಯದ್ದನ್ನು ನಮ್ಮಪ್ಪ ಒಂದು ವಾರದಲ್ಲಿ ಮರೆಯಬೇಕಾ?

ಅದೇ ಕೇಂದ್ರದಲ್ಲಿ ಇನ್ನೊಂದು ಕೆಲಸ ಮಾಡಿದರು. ಬೆಳಗ್ಗೆ ಹೊರಬರುವ ನೊಣಗಳನ್ನೇ ಆರಿಸಿ ಒಂದು ಸಂತತಿ, ಸಂಜೆ ಹೊರಬರುವುದನ್ನೇ ಆರಿಸಿ ಒಂದು ಸಂತತಿ ಬೆಳೆಸಿದರು. ನಾವು ಬೀಜಕ್ಕೆ ತೆನೆ ಆರಿಸಿದ ಹಾಗೆ. ತಲೆಮಾರು ಕಳೆದಂತೆ ಬೆಳಗಿನ ಗುಂಪಿನ ಗಡಿಯಾರ ಸ್ವಲ್ಪ ಚುರುಕಾಯಿತು, ಸಂಜೆಯದ್ದು ಸ್ವಲ್ಪ ನಿಧಾನವಾಯಿತು. ಅಂದರೆ ಗಡಿಯಾರ ಬದಲಾಗುವುದೇ ಇಲ್ಲ ಎಂದಲ್ಲ. ಬದಲಾಗಲು ಆರಿಸಿ ಆರಿಸಿ ತಲೆಮಾರುಗಳು ಕಳೆಯಬೇಕು. ಕರೆಂಟಿನ ವೇಳಾಪಟ್ಟಿಗೆ ತಕ್ಕ ಹಾಗೆ ಸೋಮವಾರದಿಂದ ಸೋಮವಾರಕ್ಕೆ ಬದಲಾಗುವುದಿಲ್ಲ.

ಚಂದ್ರಶೇಖರನ್ ಅವರು ಜಕ್ಕೂರಿಗೆ ಬರುವ ಮುಂಚೆ ಮಧುರೈನಲ್ಲಿದ್ದರು. ಅಲ್ಲಿ ಅವರ ತಂಡ ಗುಹೆಯ ಬಾವಲಿಗಳನ್ನು ನೋಡಿತು. ಬೆಳಕೇ ಬೀಳದ ಗುಹೆಯೊಳಗೆ ಒಂದು ಬಾವಲಿಯನ್ನು ಪಂಜರದಲ್ಲಿಟ್ಟರು. ಸುತ್ತ ಇರುವ ಬಾವಲಿಗಳು ದಿನಾ ಸಂಜೆ ಹಾರಿ ಹೋಗಿ ಬರುತ್ತಿದ್ದರೆ ಪಂಜರದ್ದೂ ಅದೇ ಹೊತ್ತಿಗೆ ಚಡಪಡಿಸುತ್ತಿತ್ತು. ಬೇರೆ ಬಾವಲಿಗಳಿಲ್ಲದ ಗುಹೆಯಲ್ಲಿಟ್ಟರೆ ಅದರ ಹೊತ್ತು ನಿಧಾನವಾಗಿ ಹೊರಗಿನ ದಿನದಿಂದ ಜಾರಿಹೋಗುತ್ತಿತ್ತು. ಜೊತೆಯವರನ್ನು ನೋಡಿಯೂ ಗಡಿಯಾರ ಹೊಂದಿಕೊಳ್ಳುತ್ತದೆ ಎಂದಾಯಿತು. ಇದನ್ನು ಓದಿದಾಗ ನನಗೆ ಅವ್ವನ ನೆನಪಾಯಿತು. ರಾತ್ರಿ ಕರೆಂಟಿನ ಲೆಕ್ಕ ಹಾಕುವಾಗ ಎಲ್ಲರೂ ಹೊಲಕ್ಕೆ ಹೋಗುವವನನ್ನು ಮಾತ್ರ ನೋಡುತ್ತಾರೆ. ಚಾ ಕಾಯಿಸಲು ಏಳುವವಳು, ಗಂಡ ಮನೆಗೆ ಬರುವವರೆಗೆ ಕಣ್ಣು ಮುಚ್ಚದವಳು, ಬೆಳಗ್ಗೆ ಐದಕ್ಕೆ ಮತ್ತೆ ಕೊಟ್ಟಿಗೆಗೆ ಹೋಗುವವಳು ಯಾವ ಲೆಕ್ಕದಲ್ಲೂ ಇಲ್ಲ.

ನೊಣಕ್ಕೂ ನಮಗೂ ಏನು ಸಂಬಂಧ?

ಸಂಬಂಧ ಇದೆ. ಪೀರಿಯಡ್ ಜೀನಿನ ನಂಟಿನ ಜೀನುಗಳು ಮನುಷ್ಯನಲ್ಲಿ ಮೂರು ಇವೆ. 2001ರಲ್ಲಿ ಅಮೆರಿಕದ ಒಂದು ಕುಟುಂಬದಲ್ಲಿ ತಲೆಮಾರಿನಿಂದ ಸಂಜೆ ಏಳೂವರೆಗೇ ನಿದ್ದೆ ಬಂದು ನಸುಕಿನಲ್ಲಿ ನಾಲ್ಕೂವರೆಗೆ ಎಚ್ಚರಾಗುವುದನ್ನು ನೋಡಿ ಹುಡುಕಿದಾಗ, ಅದರಲ್ಲೊಂದು ಜೀನಿನಲ್ಲಿ ಸಣ್ಣ ಬದಲಾವಣೆ ಸಿಕ್ಕಿತು. ಇಲಿಗಳ ಮೇಲೆ 2014ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಪ್ರೋಟೀನು ಮಾಡುವ ಜೀನುಗಳಲ್ಲಿ 43 ಭಾಗ ದೇಹದ ಒಂದಲ್ಲ ಒಂದು ಅಂಗದಲ್ಲಿ ದಿನದ ತಾಳಕ್ಕೆ ಏರಿಳಿಯುತ್ತವೆ ಎಂದು ಕಂಡುಬಂತು. ನೂರಕ್ಕೆ ನಲವತ್ತಮೂರು. ಸಣ್ಣ ಲೆಕ್ಕವಲ್ಲ.

ಮನುಷ್ಯನ ಮೈ ರಾತ್ರಿ ಮೂರು, ನಾಲ್ಕರ ಹೊತ್ತಿಗೆ ತಣ್ಣಗಾಗಿರುತ್ತದೆ, ಎಚ್ಚರ ಕಮ್ಮಿ ಇರುತ್ತದೆ. ಆ ಹೊತ್ತಿಗೆ ಒದ್ದೆ ಕೈಯಲ್ಲಿ ಸ್ಟಾರ್ಟರ್ ಒತ್ತಬೇಕು, ಕೆಸರಲ್ಲಿ ನಡೆಯಬೇಕು. ಕೊಳಕುಮಂಡಲ, ಕಟ್ಟುಹಾವುಗಳಿಗೂ ಗಡಿಯಾರ ಇದೆ. ಅವು ಹೊರಗೆ ಬರುವುದು ರಾತ್ರಿಯೇ. ನಮ್ಮ ಎಚ್ಚರ ಅತಿ ಕಮ್ಮಿ ಇರುವ ಹೊತ್ತು, ಅವುಗಳ ಓಡಾಟದ ಹೊತ್ತು, ಎರಡನ್ನೂ ಒಂದೇ ಕಡೆ ಸೇರಿಸಿಟ್ಟಿದೆ ಈ ವೇಳಾಪಟ್ಟಿ. 2024ರಲ್ಲಿ ನಮ್ಮ ರಾಜ್ಯ ಸರ್ಕಾರ ಹಾವು ಕಡಿತದ ಪ್ರತಿ ಪ್ರಕರಣವನ್ನೂ ಆಸ್ಪತ್ರೆಗಳು ವರದಿ ಮಾಡಲೇಬೇಕು ಎಂದು ಘೋಷಿಸಿತು. ಒಳ್ಳೆಯ ಕೆಲಸ. ಹಾಗೆಯೇ ಕಡಿತ ಆಗಿದ್ದು ಎಷ್ಟು ಹೊತ್ತಿಗೆ, ನೀರು ಕಟ್ಟಲು ಹೋದಾಗಲಾ ಎಂದೂ ಬರೆದಿಟ್ಟುಕೊಂಡರೆ ಬಹಳ ವಿಷಯ ಗೊತ್ತಾದೀತು.

ಹೊಟ್ಟೆಗೂ ತೊಂದರೆ. ರಾತ್ರಿ ಹೊತ್ತು ಉಂಡರೆ ಅದೇ ಊಟಕ್ಕೆ ರಕ್ತದಲ್ಲಿ ಸಕ್ಕರೆ ಹಗಲಿಗಿಂತ ಹೆಚ್ಚು ಏರುತ್ತದೆ. ಆ ಹೊತ್ತಿಗೆ ಅರಗಿಸುವ ಅಂಗಗಳು ಕೆಲಸ ನಿಧಾನ ಮಾಡಿರುತ್ತವೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2007ರಲ್ಲಿ, ಮತ್ತೆ 2019ರಲ್ಲಿ, ರಾತ್ರಿ ಪಾಳಿಯ ದುಡಿಮೆಯನ್ನು ಕ್ಯಾನ್ಸರ್ ತರುವ ಸಂಭವ ಇರುವ ಪಟ್ಟಿಗೆ ಸೇರಿಸಿದೆ. ಹೆದರಿಸಲು ಹೇಳುತ್ತಿಲ್ಲ. ರಾತ್ರಿ ನೀರು ಕಟ್ಟಿದವರಿಗೆಲ್ಲ ಕಾಯಿಲೆ ಬರುತ್ತದೆ ಎಂದಲ್ಲ. ಆದರೆ ಕಾರ್ಖಾನೆಯಲ್ಲಿ ರಾತ್ರಿ ಪಾಳಿ ಮಾಡುವವನಿಗೆ ಅದು ದುಡಿಮೆ ಎಂದಾದರೂ ಲೆಕ್ಕಕ್ಕೆ ಬರುತ್ತದೆ. ರೈತನ ರಾತ್ರಿ ಪಾಳಿಗೆ ಹಾಜರಿ ಪುಸ್ತಕವೇ ಇಲ್ಲ.

ಅದಕ್ಕಿಂತ ಕೆಟ್ಟದ್ದು ವಾರಕ್ಕೊಮ್ಮೆ ಬದಲಾಗುವ ಪಾಳಿ. ದೇಹದ ಗಡಿಯಾರ ಸರಿಯುವುದು ದಿನಕ್ಕೆ ಹೆಚ್ಚೂ ಕಮ್ಮಿ ಒಂದು ತಾಸಿನಷ್ಟು ಮಾತ್ರ. ವಾರವಿಡೀ ಕಷ್ಟಪಟ್ಟು ರಾತ್ರಿಗೆ ಅರ್ಧಂಬರ್ಧ ಹೊಂದಿಕೊಳ್ಳುವ ಹೊತ್ತಿಗೆ ಹಗಲು ಪಾಳಿ ಬಂದಿರುತ್ತದೆ. ಮತ್ತೆ ವಾಪಸು. ಹೀಗೆ ವರ್ಷವಿಡೀ ನಮ್ಮಪ್ಪ ಅತ್ತಲೂ ಇಲ್ಲ, ಇತ್ತಲೂ ಇಲ್ಲ.

"ನಮ್ಮ ಕಾಲದಲ್ಲೂ ರಾತ್ರಿ ಎದ್ದಿದ್ದೆವು"

ಊರಿನ ಕಟ್ಟೆಯ ಮೇಲೆ ಈ ಮಾತು ತೆಗೆದರೆ ಹಿರಿಯರು ಹೀಗೆನ್ನುತ್ತಾರೆ. ನಿಜ. ಹಂದಿ ಕಾಯಲು ಗದ್ದೆಯಲ್ಲಿ ಮಲಗಿದ್ದಾರೆ, ಸುಗ್ಗಿಯಲ್ಲಿ ರಾತ್ರಿಯಿಡೀ ಅಡಿಕೆ ಸುಲಿದಿದ್ದಾರೆ. ಆದರೆ ಅದು ಸುಗ್ಗಿಯ ನಾಲ್ಕು ದಿನದ ಕೆಲಸ. ಬೇಸಿಗೆಯುದ್ದಕ್ಕೂ ವಾರ ಬಿಟ್ಟು ವಾರ ಬರುವ ಪಾಳಿಯಲ್ಲ. ಮತ್ತೆ ಹಿರಿಯರು ಅನುಭವಿಸಿದರು ಎಂಬ ಕಾರಣಕ್ಕೆ ನಾವೂ ಅನುಭವಿಸಬೇಕು ಎನ್ನುವುದಾದರೆ ಮೋಟ್ರೂ ಬೇಡವಾಗಿತ್ತು, ಏತವೇ ಸಾಕಿತ್ತು.

ಇನ್ನು ಕೆಲವರು "ಆಟೋ ಸ್ಟಾರ್ಟರ್ ಹಾಕಿಸಿ ಮಲಗಿ" ಎನ್ನುತ್ತಾರೆ. ಹನಿ ನೀರಾವರಿ ಇದ್ದವರಿಗೆ ಸರಿ. ಕಾಲುವೆಯಲ್ಲಿ ನೀರು ಹಾಯಿಸುವವರಿಗೆ ಮೋಟ್ರು ಹಾಕುವುದು ದೊಡ್ಡದಲ್ಲ, ನೀರು ತಿರುಗಿಸುವುದು ದೊಡ್ಡದು. ಗುದ್ದಲಿಗೆ ಆಟೋ ಸ್ಟಾರ್ಟರ್ ಇಲ್ಲ. ಎಲ್ಲೋ ಬದು ಒಡೆದರೆ ನೀರೆಲ್ಲ ಪಕ್ಕದವರ ಶುಂಠಿಗೆ ನುಗ್ಗಿ ಬೆಳಗ್ಗೆ ಜಗಳ.

ಕರೆಂಟು ಕೊಡುವವರ ಕಷ್ಟವೂ ಇದೆ. ಎಲ್ಲಾ ಫೀಡರಿಗೂ ಒಂದೇ ಹೊತ್ತಿಗೆ ತ್ರೀ ಫೇಸ್ ಕೊಟ್ಟರೆ ಲೈನು, ಟಿಸಿ ತಡೆಯುವುದಿಲ್ಲ. ಹಿಂದೆ ಹಗಲು ಪೇಟೆಗೆ, ಕಾರ್ಖಾನೆಗೆ ಬೇಕು, ರಾತ್ರಿ ಉಳಿದದ್ದು ಪಂಪ್‌ಸೆಟ್ಟಿಗೆ ಎಂಬ ಲೆಕ್ಕ ಇತ್ತು. ಆದರೆ ಆ ಲೆಕ್ಕ ಈಗ ಹಳೆಯದಾಗಿದೆ. ಪಾವಗಡದಲ್ಲಿ 2,050 ಮೆಗಾವಾಟಿನ ಸೋಲಾರ್ ಪಾರ್ಕ್ ಇದೆ. ಸೋಲಾರ್ ಕರೆಂಟು ಹುಟ್ಟುವುದೇ ಹಗಲು. ರಾಜ್ಯದಲ್ಲಿ ಹಗಲು ಹುಟ್ಟುವ ಕರೆಂಟು ಹೆಚ್ಚಾಗಿರುವಾಗ ರೈತನನ್ನು ರಾತ್ರಿ ಎಬ್ಬಿಸುವುದು ಯಾವ ಜಾಣತನ? 2019ರಲ್ಲಿ ಬಂದ ಕೇಂದ್ರದ ಕುಸುಮ್ ಯೋಜನೆಯಲ್ಲಿ ಸಬ್‌ಸ್ಟೇಷನ್ ಹತ್ತಿರವೇ ಸೋಲಾರ್ ಘಟಕ ಹಾಕಿ, ಅದರಿಂದ ಪಂಪ್‌ಸೆಟ್ ಫೀಡರಿಗೆ ಹಗಲು ಕರೆಂಟು ಕೊಡುವ ದಾರಿಯೂ ಇದೆ.

ನಮ್ಮ ಎರಡು ತಾಲ್ಲೂಕಿನವರಿಗೆ ಈ ವಿಷಯದಲ್ಲಿ ಕೇಳುವ ಹಕ್ಕು ಸ್ವಲ್ಪ ಜಾಸ್ತಿಯೇ ಇದೆ. 10 ಎಚ್‌ಪಿವರೆಗಿನ ಪಂಪ್‌ಸೆಟ್ಟಿಗೆ ಉಚಿತ ವಿದ್ಯುತ್ ಎಂದಾಗ ಜನ ನೆನೆಯುವ ಹೆಸರು ಸೊರಬದ ಕುಬಟೂರಿನ ಎಸ್. ಬಂಗಾರಪ್ಪ. 2008ರಲ್ಲಿ ಮುಖ್ಯಮಂತ್ರಿಯಾದ ಕೂಡಲೇ ಅದನ್ನು ಮತ್ತೆ ಜಾರಿಗೆ ತಂದವರು ಶಿಕಾರಿಪುರದಿಂದ ಗೆದ್ದ ಬಿ.ಎಸ್. ಯಡಿಯೂರಪ್ಪ. ಪಕ್ಷ ಯಾವುದೇ ಇರಲಿ, ಕರೆಂಟಿಗೆ ದುಡ್ಡು ಬೇಡ ಎನ್ನುವ ಮಾತು ನಮ್ಮ ಮಣ್ಣಿನವರಿಂದ ಬಂತು. ಕರೆಂಟಿಗೆ ನಿದ್ದೆಯ ಬೆಲೆಯೂ ಬೇಡ ಎನ್ನುವ ಮಾತೂ ಇಲ್ಲಿಂದಲೇ ಹೊರಡಲಿ. ಬಿಲ್ ಇಲ್ಲ ಎಂದ ಮಾತ್ರಕ್ಕೆ ಅದು ಪುಕ್ಕಟೆ ಅಲ್ಲ. ಮೈಯಲ್ಲಿ ಕಟ್ಟುತ್ತಿದ್ದೇವೆ.

ನನ್ನ ಬೇಡಿಕೆ ಮೂರೇ. ಒಂದು, ಪಂಪ್‌ಸೆಟ್ ಫೀಡರುಗಳನ್ನು ಎರಡು ಗುಂಪು ಮಾಡಿ ಬೆಳಗಿನ ಪಾಳಿ, ಮಧ್ಯಾಹ್ನದ ಪಾಳಿ ಎಂದು ಹಗಲಲ್ಲೇ ಹಂಚಬೇಕು. ಎರಡು, ಹಗಲು ಸಾಲದೇ ರಾತ್ರಿಗೆ ಹೋಗಲೇಬೇಕಾದರೆ ಹನ್ನೊಂದರಿಂದ ನಾಲ್ಕರ ನಡುವಿನ ಹೊತ್ತನ್ನು ಬಿಡಬೇಕು. ಸಂಜೆ ಹತ್ತರವರೆಗೆ ಕೊಡಲಿ, ನಸುಕಿನ ಐದಕ್ಕೆ ಶುರು ಮಾಡಲಿ. ಮೂರು, ವೇಳಾಪಟ್ಟಿ ಬದಲಾದರೆ ವಾರದ ಮುಂಚೆ ಮೊಬೈಲಿಗೆ ತಿಳಿಸಬೇಕು. ಲೈನ್‌ಮನ್‌ಗೆ ಹತ್ತು ಸಲ ಫೋನ್ ಮಾಡಿ ಅವನ ನಿದ್ದೆಯನ್ನೂ ಕೆಡಿಸುವುದು ತಪ್ಪುತ್ತದೆ. ಅವನೂ ಮನುಷ್ಯನೇ, ಅವನಿಗೂ ಅದೇ ಗಡಿಯಾರ.

ನೀವು ಮಾಡಬಹುದಾದ್ದೂ ಇದೆ. ಒಂದು ತಿಂಗಳು ನಿಮ್ಮ ಫೀಡರಿನ ಕರೆಂಟು ಎಷ್ಟು ಹೊತ್ತಿಗೆ ಬಂತು, ಎಷ್ಟು ಹೊತ್ತಿಗೆ ಹೋಯಿತು ಎಂದು ಕ್ಯಾಲೆಂಡರಿನ ಮೇಲೆ ಬರೆಯಿರಿ. ಅದನ್ನು ಗ್ರಾಮಸಭೆಗೆ ತಂದು ಠರಾವು ಮಾಡಿಸಿ. ದರ ಏರಿಸುವ ಮುಂಚೆ ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗ ಸಾರ್ವಜನಿಕ ವಿಚಾರಣೆ ನಡೆಸುತ್ತದೆ. ಅಲ್ಲಿ ದರದ ಮಾತು ಆಡುವವರು ಬಹಳ ಜನ. ಹೊತ್ತಿನ ಮಾತನ್ನು ನಾವು ಆಡೋಣ.

ಈ ಬರಹವನ್ನು ನೀವು ರಾತ್ರಿ ಹನ್ನೆರಡಕ್ಕೆ ಬದುವಿನ ಮೇಲೆ ಕೂತು ಓದುತ್ತಿದ್ದರೆ ಮೊಬೈಲಿನ ಬೆಳಕು ಸ್ವಲ್ಪ ಕಮ್ಮಿ ಮಾಡಿಕೊಳ್ಳಿ, ಅದೂ ನಿಮ್ಮ ಗಡಿಯಾರವನ್ನು ಹಿಂದಕ್ಕೆ ತಳ್ಳುತ್ತದೆ. ಕಾಲಿಗೆ ಬೂಟು ಇರಲಿ. ಟಾರ್ಚು ನೆಲದ ಮೇಲೆ ಬಿಡಿ.

ನಿನ್ನೆ ಅಪ್ಪನಿಗೆ ಈ ನೊಣದ ಕಥೆಯೆಲ್ಲಾ ಹೇಳಿದೆ. ಸಿಪ್ಪೆಯ ಮೇಲೆ ಮುತ್ತಿದ್ದ ನೊಣಗಳನ್ನು ಸ್ವಲ್ಪ ಹೊತ್ತು ನೋಡಿ, "ಇವಕ್ಕೆ ಯಾರೂ ಪಾಳಿ ಹಾಕಿಲ್ಲ, ಪುಣ್ಯ ಮಾಡಿದಾವೆ" ಅಂದ. ಆಮೇಲೆ ಮೊಬೈಲು ತೆಗೆದು ಹನ್ನೆರಡೂವರೆಗೆ ಅಲಾರಾಂ ಇಟ್ಟ.